ಬೆತ್ತದ ಬಳೆ, ತಂತಿ ಮತ್ತು ಗಾಳಿಯ ಮಾತು



ಕಳೆದ ವಾರ ಶಿಗ್ಗಾಂವಿಯಲ್ಲಿ ನನ್ನ ಬಳಿ ಓದಿದ ಹುಡುಗನೊಬ್ಬ ಮನೆಗೆ ಬಂದಿದ್ದ. ಅಭ್ಯಾಸಬಲದಿಂದ ಹುಡುಗನೆಂದೆ, ಅವನ ತಲೆಯೂ ಈಗ ಅರ್ಧ ನರೆತಿದೆ. ರೈಲ್ವೆಯಲ್ಲಿ ಲೋಕೋ ಪೈಲಟ್ ಆಗಿದ್ದು, ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿವೆ. ಚಹಾ ಕುಡಿಯುತ್ತ ಅವನೊಂದು ಮಾತು ಹೇಳಿದ: "ಸರ, ರಾತ್ರಿ ಇಂಜಿನ್ನಿನ್ಯಾಗ ಕುಂತಾಗ ವಾಕಿಟಾಕಿಯೊಳಗ ಹಿಂದಿನ ಗಾರ್ಡನ ದನಿ ಕೇಳಿದ್ರ ಜೀವಕ್ಕ ಸಮಾಧಾನ ಆಗತೈತ್ರಿ." ಆ ಮಾತು ನನ್ನನ್ನು ಐವತ್ತು ವರ್ಷಗಳ ಹಿಂದಿನ ಒಂದು ಮಳೆಗಾಲದ ರಾತ್ರಿಗೆ ಕರೆದೊಯ್ದಿತು. ಅದನ್ನು ಹೇಳುವ ಮುನ್ನ ಸ್ವಲ್ಪ ಇತಿಹಾಸ ಹೇಳುತ್ತೇನೆ. ಮಾಸ್ತರನ ಚಟ, ಸಹಿಸಿಕೊಳ್ಳಿರಿ.

ನನ್ನ ಸೇವೆಯೆಲ್ಲ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಕಳೆಯಿತೆಂಬುದು ನಿಮಗೆ ಗೊತ್ತೇ ಇದೆ. ಈ ನಾಲ್ಕು ಊರುಗಳ ಪೈಕಿ ಸವಣೂರಿಗೆ ಮಾತ್ರ ತನ್ನ ಹೆಸರಿನದೊಂದು ರೈಲು ನಿಲ್ದಾಣವಿದೆ; ಅದೂ ಪಟ್ಟಣದ ಹೊರಗೆ. ಉಳಿದವರು ಹಾವೇರಿಗೋ ಬ್ಯಾಡಗಿಗೋ ರಾಣೇಬೆನ್ನೂರಿಗೋ ಹುಬ್ಬಳ್ಳಿಗೋ ಹೋಗಿ ಗಾಡಿ ಹಿಡಿಯಬೇಕಾಗಿತ್ತು. ಹೀಗಾಗಿ ನಮ್ಮ ಪಾಲಿಗೆ ರೈಲೆಂದರೆ ಮುಖ್ಯವಾಗಿ ಕಾಯುವಿಕೆ. "ಗಾಡಿ ಎಲ್ಲಿಗೆ ಬಂದೈತ್ರಿ?" ಎಂದು ಕೇಳಿದರೆ ಸ್ಟೇಷನ್ ಮಾಸ್ತರರು ಫೋನು ಎತ್ತಿ ಪಕ್ಕದ ನಿಲ್ದಾಣವನ್ನು ವಿಚಾರಿಸಿ, "ಯಲವಿಗಿ ಬಿಟ್ಟೈತಿ" ಎನ್ನುತ್ತಿದ್ದರು. ಯಲವಿಗಿ ಬಿಟ್ಟ ಗಾಡಿ ಮುಂದಿನ ನಿಲ್ದಾಣ ಮುಟ್ಟುವವರೆಗೆ ಎಲ್ಲಿದೆ, ಏನಾಗಿದೆ ಎಂದು ಮಾಸ್ತರರಿಗೂ ತಿಳಿಯುತ್ತಿರಲಿಲ್ಲ. ಎರಡು ನಿಲ್ದಾಣಗಳ ನಡುವಿನ ಆ ಹಾದಿ ಮಾತಿಲ್ಲದ ಹಾದಿಯಾಗಿತ್ತು.

ಹುಬ್ಬಳ್ಳಿಯಿಂದ ಹಾವೇರಿ, ಹರಿಹರದ ಕಡೆಗೆ ಹೋಗುವ ಈ ಹಳಿಯನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಮೀಟರ್ ಗೇಜಿನಲ್ಲಿ ಹಾಕಿದರು. ಆಗ ಹಳಿ ಒಂದೇ ಇತ್ತು, ಹೋಗುವ ಗಾಡಿಗೂ ಬರುವ ಗಾಡಿಗೂ ಅದೇ ಆಗಿತ್ತು. ಎದುರುಬದುರಾಗದಂತೆ ಕಾಯುತ್ತಿದ್ದುದು ಟೋಕನ್ ಪದ್ಧತಿ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಯಂತ್ರಗಳು. ಆ ಕಡೆಯ ಮಾಸ್ತರರು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆಯ ಯಂತ್ರದಿಂದ ಲೋಹದ ಒಂದು ಚೆಂಡು ಹೊರಬರುತ್ತಿತ್ತು. ಆ ಚೆಂಡು ಮರಳಿ ಎರಡರಲ್ಲೊಂದು ಯಂತ್ರದೊಳಗೆ ಬೀಳುವತನಕ ಇನ್ನೊಂದು ಚೆಂಡು ಹೊರಬರುವಂತಿರಲಿಲ್ಲ. ಚೆಂಡನ್ನು ಚೀಲದಲ್ಲಿಟ್ಟು, ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡುತ್ತಿದ್ದರು. ನಿಲ್ಲದ ಗಾಡಿಯಾದರೆ ಅವನು ಓಡುವ ಇಂಜಿನ್ನಿನಿಂದಲೇ ತೋಳು ಚಾಚಿ ಬಳೆಯನ್ನು ತೂರಿಸಿಕೊಳ್ಳುತ್ತಿದ್ದ. ಸವಣೂರಿನ ಮಕ್ಕಳನ್ನು ಇದನ್ನು ನೋಡಲೆಂದೇ ಒಮ್ಮೆ ನಿಲ್ದಾಣಕ್ಕೆ ಕರೆದೊಯ್ದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಾತು ಸುಳ್ಳಾಗಬಹುದು, ಕೈಯಲ್ಲಿರುವ ಚೆಂಡು ಸುಳ್ಳಾಗದು ಎಂಬುದೇ ಆ ಪದ್ಧತಿಯ ತಿರುಳು.

ತಂತಿಗೆ ತನ್ನದೇ ದೌರ್ಬಲ್ಯವಿತ್ತು. ಗಾಳಿಮಳೆಗೆ ಕಂಬ ಬಿದ್ದರೆ ಸಂಪರ್ಕ ಹೋಯಿತು. 1942ರ ಚಳವಳಿಯಲ್ಲಿ ತಂತಿ ಕಡಿಯುವುದು ಹೋರಾಟದ ಒಂದು ಮುಖ್ಯ ವಿಧಾನವಾದದ್ದೂ ಇದೇ ಕಾರಣಕ್ಕೆ: ತಂತಿ ಕಡಿದರೆ ಸರಕಾರ ಕಿವುಡಾಗುತ್ತಿತ್ತು.

ಇನ್ನು ಆ ರಾತ್ರಿಯ ಸಂಗತಿ. 1974ರ ಆಷಾಢ. ಹುಬ್ಬಳ್ಳಿಯಿಂದ ಮರಳುತ್ತಿದ್ದೆ. ಎರಡು ನಿಲ್ದಾಣಗಳ ನಡುವೆ ಗಾಡಿ ಗಕ್ಕನೆ ನಿಂತಿತು. ಮಳೆಗೆ ಮರವೊಂದು ಹಳಿಯ ಮೇಲೆ ಉರುಳಿತ್ತು. ನಾನು ಕೊನೆಯ ಡಬ್ಬಿಯಲ್ಲಿದ್ದೆ. ಕಿಟಕಿಯಿಂದ ನೋಡಿದರೆ ವಯಸ್ಸಾದ ಗಾರ್ಡರು ಕೈಯಲ್ಲಿ ದೀಪ, ಬಗಲಲ್ಲಿ ಒಂದು ತಗಡಿನ ಡಬ್ಬಿ ಹಿಡಿದು ಕೆಳಗಿಳಿದು, ಗಾಡಿಯ ಹಿಂದಕ್ಕೆ, ಕತ್ತಲೆಯೊಳಗೆ ನಡೆದುಹೋಗುತ್ತಿದ್ದರು. ಮರ ಬಿದ್ದದ್ದು ಮುಂದೆ, ಇವರೇಕೆ ಹಿಂದಕ್ಕೆ ಹೋಗುತ್ತಾರೆಂದು ನನಗೆ ಸೋಜಿಗ. ಆಮೇಲೆ ತಿಳಿಯಿತು. ನಿಂತ ಗಾಡಿಗೆ ಹಿಂದಿನಿಂದ ಇನ್ನೊಂದು ಬಂದು ಬಡಿಯಬಾರದೆಂದು ಹಳಿಯ ಮೇಲೆ ಪಟಾಕಿ ಕಟ್ಟಲು ಹೋಗಿದ್ದರು. ಮೀಟರ್ ಗೇಜಿನಲ್ಲಿ 400 ಮೀಟರಿಗೆ ಒಂದು, 800 ಮೀಟರಿಗೆ ಮೂರು. ಬ್ರಾಡ್ ಗೇಜಿನಲ್ಲಾದರೆ 600 ಮತ್ತು 1200. ಗಾಲಿ ಹರಿದೊಡನೆ ಅವು ಸಿಡಿದು ಡ್ರೈವರನನ್ನು ಎಚ್ಚರಿಸುತ್ತವೆ. ಟೋಕನ್ ಇರುವಾಗ ಇನ್ನೊಂದು ಗಾಡಿ ಬರುವಂತಿಲ್ಲ, ನಿಜ. ಆದರೂ ನಿಯಮವೆಂದರೆ ನಿಯಮ. ಗಾಡಿಯ ಒಂದು ತುದಿಯಲ್ಲಿ ಡ್ರೈವರ, ಇನ್ನೊಂದು ತುದಿಯಲ್ಲಿ ಗಾರ್ಡ. ಇಬ್ಬರ ನಡುವೆ ಶಿಳ್ಳೆ, ದೀಪ, ಬಾವುಟಗಳ ಹೊರತು ಬೇರೆ ಭಾಷೆಯಿಲ್ಲ. ಸುದ್ದಿ ಮುಟ್ಟಿಸಲು ಉದ್ದನೆಯ ಕೋಲಿನಿಂದ ಕಂಬದ ತಂತಿಗೆ ಕೊಕ್ಕೆ ಹಾಕಿ ಮಾತನಾಡುವ ಫೋನೊಂದಿತ್ತು. ಆ ಮಳೆಯಲ್ಲಿ ಅದನ್ನು ಇಬ್ಬರು ಹಿಡಿದು ಹೆಣಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗಾರ್ಡರು ಮರಳುವತನಕ ನನಗೆ ನಿದ್ರೆ ಬರಲಿಲ್ಲ.

ನಿಸ್ತಂತು ಸಂಪರ್ಕವೇನು ಹೊಸದಲ್ಲ. 1913ರಷ್ಟು ಹಿಂದೆಯೇ ಅಮೆರಿಕದ ಲಾಕವಾನಾ ರೈಲ್ವೆ ಓಡುವ ಗಾಡಿಯಲ್ಲಿ ಅದರ ಪ್ರಯೋಗ ಮಾಡಿತ್ತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಅದು ಬಳಕೆಗೆ ಬಂದು, ಕಾಲಕ್ರಮದಲ್ಲಿ ನಿಯಂತ್ರಕ ರೇಡಿಯೋದಲ್ಲಿ ಓದಿ ಹೇಳಿದ ಅಪ್ಪಣೆಯನ್ನು ಡ್ರೈವರ ಬರೆದುಕೊಂಡು, ಮರಳಿ ಓದಿ ಒಪ್ಪಿಸಿ ಗಾಡಿ ಬಿಡುವ ಪದ್ಧತಿಯೇ ಬೆಳೆಯಿತು. ನಮ್ಮಲ್ಲಿ ಡ್ರೈವರ, ಗಾರ್ಡರ ಕೈಗೆ 5 ವ್ಯಾಟಿನ ವಾಕಿಟಾಕಿ, ನಿಲ್ದಾಣಗಳಿಗೆ 25 ವ್ಯಾಟಿನ ವಿ.ಎಚ್.ಎಫ್. ಯಂತ್ರ ಬಂದದ್ದು ಬಹಳ ತಡವಾಗಿ, 1990ರ ದಶಕದಿಂದ ಈಚೆಗೆ, ಹಂತಹಂತವಾಗಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಹಳಿಯೂ ಬ್ರಾಡ್ ಗೇಜಾಯಿತು. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕೇಳು. ಒತ್ತಿದವನಿಗೆ ಆ ಹೊತ್ತಿನಲ್ಲಿ ಬೇರೆಯವರ ದನಿ ಕೇಳದು. ಒಬ್ಬರಾಡಿದ್ದು ಸುತ್ತಲಿನವರೆಲ್ಲರ ಕಿವಿಗೂ ಬೀಳುತ್ತದೆ. ಡಬ್ಬಿಯಲ್ಲಿ ಹೊಗೆ ಕಂಡರೆ ಎದುರು ಹಳಿಯ ಗಾಡಿಯವನೇ ಕೂಗಿ ಹೇಳಬಹುದು.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ರೈಲ್ವೆ ಈ ಗಾಳಿಯ ಮಾತನ್ನು ಬಳಸಿತೇ ಹೊರತು ಪೂರ್ತಿ ನಂಬಲಿಲ್ಲ. ಎಂದಿನ ಸಂಪರ್ಕ ಕಡಿದುಹೋದಾಗ ಲೈನ್ ಕ್ಲಿಯರ್ ಪಡೆಯಲು ಇರುವ ಸಾಧನಗಳ ಪಟ್ಟಿಯಲ್ಲಿ ವಿ.ಎಚ್.ಎಫ್. ಕೊನೆಯದು, ಪ್ರಯಾಣಿಕರ ಗಾಡಿಗಳು ಓಡುವ ಹಾದಿಯಲ್ಲಿ ಅದೊಂದನ್ನೇ ನಂಬಿ ಗಾಡಿ ಬಿಡಕೂಡದೆಂದು ನಿಯಮ. ದನಿ ಯಾರದು, ಯಾವ ಗಾಡಿಗೆ ಹೇಳಿದ್ದು ಎಂಬುದಕ್ಕೆ ಗಾಳಿಯಲ್ಲಿ ಸಾಕ್ಷಿಯಿಲ್ಲ. ನನಗೆ ಈ ಅಪನಂಬಿಕೆ ಸರಿಯೆನಿಸುತ್ತದೆ.

ಆದರೆ ಮಾತು ಎಷ್ಟೇ ಸ್ಪಷ್ಟವಾಗಿರಲಿ, ಅದು ಗಾಡಿಯನ್ನು ನಿಲ್ಲಿಸಲಾರದು. 2012ರ ಮೇ 22ರ ಬೆಳಗಿನ ಜಾವ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ, ನಿಂತಿದ್ದ ಗೂಡ್ಸ್ ಗಾಡಿಗೆ ಬಡಿದು ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಫೋನು ಕೆಳಗಿಡದೆ ಕುಳಿತಿದ್ದರು. ನಮ್ಮ ಮನೆಯಲ್ಲೂ.

ಈಗ ಬರುತ್ತಿರುವ 'ಕವಚ' ಈ ಕೊರತೆಯನ್ನು ನೀಗಲು ಹುಟ್ಟಿದ್ದು. ಅದರ ಮೊದಲ ಪರೀಕ್ಷೆಗಳು ನಡೆದದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ, ವಿಕಾರಾಬಾದ್, ನಮ್ಮ ವಾಡಿ ಮತ್ತು ಬೀದರ ನಡುವಿನ ಹಳಿಗಳಲ್ಲಿ. 2016ರಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ. 2020ರಲ್ಲಿ ಅದನ್ನು ದೇಶದ ಪದ್ಧತಿಯನ್ನಾಗಿ ಒಪ್ಪಿಕೊಂಡರು. ಹಳಿಯ ನಡುವೆ ಕೂರಿಸಿದ ಚಿಕ್ಕ ಗುರುತುಗಳನ್ನು ಇಂಜಿನ್ ಓದಿಕೊಂಡು ತಾನೆಲ್ಲಿದ್ದೇನೆಂದು ಅರಿಯುತ್ತದೆ. ನಿಲ್ದಾಣದ ಗೋಪುರದೊಡನೆ ರೇಡಿಯೋ ಮೂಲಕ ಸದಾ ಲೆಕ್ಕ ಒಪ್ಪಿಸುತ್ತದೆ. ಮುಂದೆ ಕೆಂಪಿದ್ದು ಚಾಲಕ ಬ್ರೇಕ್ ಹಾಕದಿದ್ದರೆ ತಾನೇ ಹಾಕುತ್ತದೆ. ಇಲ್ಲಿ ರೇಡಿಯೋ ಮಾತನಾಡುವುದನ್ನು ಬಿಟ್ಟು ಕೈ ಹಿಡಿದು ನಿಲ್ಲಿಸುವ ಕೆಲಸಕ್ಕೆ ಇಳಿದಿದೆ. ಸಂದೇಶದ ಸತ್ಯಾಸತ್ಯವನ್ನೂ ಯಂತ್ರಗಳೇ ಪರೀಕ್ಷಿಸಿಕೊಳ್ಳುತ್ತವೆ. ಹಳೆಯ ಲೋಹದ ಚೆಂಡು ಮಾಡುತ್ತಿದ್ದುದೂ ಒಂದರ್ಥದಲ್ಲಿ ಅದೇ ಅಲ್ಲವೇ?

ಇದನ್ನೆಲ್ಲ ಶಿಷ್ಯನೆದುರು ಉತ್ಸಾಹದಿಂದ ಹೇಳಿದೆ. ಅವನು ನಕ್ಕ. 2022ರಿಂದ ಗಾರ್ಡರನ್ನು 'ಟ್ರೇನ್ ಮ್ಯಾನೇಜರ್' ಎಂದು ಕರೆಯಬೇಕೆಂದೂ, ತನ್ನ ಬಾಯಿಗೆ ಮಾತ್ರ ಇನ್ನೂ ಗಾರ್ಡ ಎಂದೇ ಬರುವುದೆಂದೂ ಹೇಳಿದ. ಹೊರಡುವಾಗ ಬಾಗಿಲ ಬಳಿ ಕೇಳಿದೆ: "ಆ ಪಟಾಕಿ ಡಬ್ಬಿ ಈಗ ಇಲ್ಲೇನಪಾ?"

"ಐತ್ರಿ ಸರ. ವಾಕಿಟಾಕಿ ಕೊಟ್ರಂತ ಅದನ್ನ ಬಿಟ್ಟು ಹೋಗಂಗಿಲ್ರಿ. ನಂದೂ ಐತಿ, ಅವರದೂ ಐತಿ."