ಹಿಮಕರಡಿ: ಕೊಬ್ಬನ್ನು ಅರಗಿಸಿಕೊಂಡ ವಂಶವಾಹಿ

ಮನುಷ್ಯ ಸದಾ ಕೊಬ್ಬಿನ ಆಹಾರವನ್ನೇ ಸೇವಿಸಿದರೆ ಹೃದ್ರೋಗ ಬೆನ್ನು ಹತ್ತುತ್ತದೆ. ಆದರೆ ಉತ್ತರ ಧ್ರುವ ಪ್ರದೇಶದ ಹಿಮಕರಡಿಗೆ ಸೀಲ್‌ಗಳ ಕೊಬ್ಬೇ ಮುಖ್ಯ ಆಹಾರ. ಅದರ ದೇಹತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರಬಹುದು. ತಾಯಿಕರಡಿಯ ಹಾಲಿನಲ್ಲಿ ಕೊಬ್ಬಿನ ಪ್ರಮಾಣ ಸುಮಾರು ಶೇ 30. ನಮ್ಮ ಎಮ್ಮೆಯ ಗಟ್ಟಿ ಹಾಲಿನಲ್ಲೂ ಅದು ಶೇ 7ರ ಆಸುಪಾಸು.

ಇದು ಹೇಗೆ ಸಾಧ್ಯವೆಂಬುದಕ್ಕೆ ಸುಳಿವು ದೊರೆತದ್ದು, ಅದರ ಹತ್ತಿರದ ಬಂಧುವಾದ ಕಂದು ಕರಡಿಯೊಂದಿಗೆ ಹೋಲಿಸಿದಾಗ. ಕಂದು ಕರಡಿ ಹಣ್ಣು, ಬೇರು, ಮೀನು, ಮಾಂಸ ಎಲ್ಲವನ್ನೂ ತಿನ್ನುತ್ತದೆ. 79 ಹಿಮಕರಡಿ ಹಾಗೂ 10 ಕಂದು ಕರಡಿಗಳ ಸಂಪೂರ್ಣ ಜೀನೋಮ್‌ಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ‘ಸೆಲ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಕಂದು ಕರಡಿಗಳಿಗಿಂತ ಭಿನ್ನವಾಗಿದ್ದು, ಹಿಮಕರಡಿಗಳಲ್ಲೆಲ್ಲ ಒಂದೇ ರೂಪದಲ್ಲಿ ನೆಲೆನಿಂತ ಭಾಗಗಳನ್ನು ವಿಜ್ಞಾನಿಗಳು ಹುಡುಕಿದರು. ಅಂಥ ಭಾಗ ನೈಸರ್ಗಿಕ ಆಯ್ಕೆಯ ಗುರುತು. ಹೀಗೆ ಎದ್ದು ಕಂಡವುಗಳಲ್ಲಿ ಎಪಿಒಬಿ ಎಂಬ ವಂಶವಾಹಿ ಪ್ರಮುಖವಾದುದು. ರಕ್ತದಲ್ಲಿ ‘ಕೆಟ್ಟ’ ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಪ್ರೋಟೀನನ್ನು ತಯಾರಿಸುವುದು ಇದೇ. ಹೃದಯ ಹಾಗೂ ರಕ್ತನಾಳಗಳಿಗೆ ಸಂಬಂಧಿಸಿದ ಇತರ ವಂಶವಾಹಿಗಳಲ್ಲೂ ಮಾರ್ಪಾಡುಗಳಿದ್ದವು. ಇವು ಕರಡಿಯ ದೇಹದಲ್ಲಿ ನಿಖರವಾಗಿ ಹೇಗೆ ಕೆಲಸ ಮಾಡುತ್ತವೆಂಬುದನ್ನು ಜೀನೋಮ್ ಹೋಲಿಕೆಯೊಂದೇ ಸಾಬೀತುಪಡಿಸಲಾರದು.

ಎರಡೂ ಪ್ರಭೇದಗಳು ಬೇರ್ಪಟ್ಟದ್ದು 3.43 ಲಕ್ಷದಿಂದ 4.79 ಲಕ್ಷ ವರ್ಷಗಳ ಹಿಂದೆ ಎಂದು ಈ ಅಧ್ಯಯನ ಅಂದಾಜಿಸಿತು. ವಿಕಾಸದ ಲೆಕ್ಕದಲ್ಲಿ ಇದು ತೀರಾ ಅಲ್ಪಾವಧಿ. 2012ರ ಅಧ್ಯಯನವೊಂದು 6 ಲಕ್ಷ ವರ್ಷ ಎಂದಿದ್ದರೆ, ಅದೇ ವರ್ಷದ ಮತ್ತೊಂದು 40 ಲಕ್ಷಕ್ಕೂ ಹೆಚ್ಚು ಎಂದಿತ್ತು. ನಂಟು ಪೂರ್ತಿ ಕಡಿದಿಲ್ಲವೆಂಬುದಂತೂ ನಿಜ: 2006ರಲ್ಲಿ ಕೆನಡಾದಲ್ಲಿ ಬೇಟೆಗೆ ಬಲಿಯಾದ ಕರಡಿಯೊಂದು ಇವೆರಡರ ಮಿಶ್ರತಳಿ ಎಂದು ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು.

ಪಡೆದುಕೊಂಡಂತೆ ಕಳೆದುಕೊಂಡದ್ದೂ ಉಂಟು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿಯ ಪ್ರತಿಗಳು ಕಂದು ಕರಡಿಗಿಂತ ಹಿಮಕರಡಿಯಲ್ಲಿ ಕಡಿಮೆ ಎಂದು 2019ರ ಅಧ್ಯಯನ ತಿಳಿಸಿತು. ಆತಂಕ ಇರುವುದು ಇಲ್ಲಿಯೇ. ಸಮುದ್ರದ ಮಂಜುಗಡ್ಡೆ ಕರಗಿದಂತೆ ಸೀಲ್ ಬೇಟೆಯ ಅವಧಿ ಕುಗ್ಗಿ, ಹಿಮಕರಡಿಗಳು ಹೆಚ್ಚು ದಿನ ನೆಲದ ಮೇಲೆ ಕಳೆಯಬೇಕಾಗುತ್ತದೆ. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ತೀರದಲ್ಲಿ ಹೀಗೆ ಬೇಸಿಗೆ ಕಳೆದ 20 ಕರಡಿಗಳ ಮೇಲೆ ನಿಗಾ ಇರಿಸಿದ ಸಂಶೋಧಕರು 2024ರಲ್ಲಿ ವರದಿ ನೀಡಿದರು. ಕೆಲವು ಕರಡಿಗಳು ಕಾಡುಹಣ್ಣು ತಿಂದವು. ಕೆಲವು ಸುಮ್ಮನೆ ಮಲಗಿ ಶಕ್ತಿ ಉಳಿಸಿಕೊಂಡವು. ಆದರೂ 19 ಕರಡಿಗಳ ತೂಕ ಇಳಿದಿತ್ತು.