ಆಯದಿಂದ ಟಿಪ್ಸಿನವರೆಗೆ: ಕೂಲಿಗೆ ಕರುಣೆಯೆಂದು ಹೆಸರಿಟ್ಟ ಚರಿತ್ರೆ

ಕನ್ನಡದಲ್ಲಿ ಕೈಗೆ ಬರುವ ದುಡ್ಡಿಗೆ ಮೂರು ಬಗೆಯ ಹೆಸರುಗಳಿವೆ. ಗೊತ್ತಾದ ದಿನ ಗೊತ್ತಾದ ಮೊತ್ತ ಬಂದರೆ ಅದು ಸಂಬಳ. ಕುರ್ಚಿಯಲ್ಲಿ ಕೂತವನಿಗೆ ಮೇಜಿನ ಕೆಳಗಿಂದ ಬಂದರೆ ಗಿಂಬಳ. ನಿಂತವನಿಗೆ, ಬಾಗಿದವನಿಗೆ ಬಂದರೆ ಇನಾಮು, ಭಕ್ಷೀಸು. ಈಗಿನ ಮಾತಿನಲ್ಲಿ ಟಿಪ್ಸು. ಗಿಂಬಳದಲ್ಲಿ ಕೊಡುವವನೇ ಕೈಮುಗಿಯುತ್ತಾನೆ. ಭಕ್ಷೀಸಿನಲ್ಲಿ ಇಸ್ಕೊಳ್ಳುವವನು ಕೈಮುಗಿಯಬೇಕು, ಹಲ್ಲುಕಿರಿಯಬೇಕು. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆ ಸಾಲ ಕೊಡುವಷ್ಟು ಉಳ್ಳವರ ಲೋಕದ್ದು. ಹೊಲಗೇರಿ ಮಾದಿಗೇರಿಗಳಲ್ಲಿ ಇಸ್ಕೊಂಡೋನು ಎಂದೂ ಈರಭದ್ರ ಆದದ್ದಿಲ್ಲ.

ಟಿಪ್ಸು ಕೊಡುವುದು ಉದಾರತನ, ನಾಗರಿಕತೆ ಎಂದು ನಮ್ಮ ವಿದ್ಯಾವಂತರು ನಂಬಿದ್ದಾರೆ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು. ಅದು ಇಲ್ಲಿನ ಪ್ರಶ್ನೆಯಲ್ಲ. ಒಬ್ಬನ ದುಡಿಮೆಯ ಬೆಲೆಯನ್ನು ಇನ್ನೊಬ್ಬನ ಮನಸ್ಸಿಗೆ ಬಿಟ್ಟುಕೊಡುವ ಪದ್ಧತಿ ಎಲ್ಲಿಂದ ಬಂತು ಎನ್ನುವುದು ನನ್ನ ಪ್ರಶ್ನೆ. ಎಲ್ಲೆಲ್ಲಿ ಮನುಷ್ಯರನ್ನು ಹುಟ್ಟಿನಿಂದಲೇ ಸೇವೆಗೆಂದು ಗೊತ್ತುಮಾಡಲಾಯಿತೋ ಅಲ್ಲೆಲ್ಲ ಅವರ ಕೂಲಿಯನ್ನು ದಾನವೆಂದು ಕರೆಯಲಾಯಿತು ಎಂಬುದು ನಾನು ಕಂಡುಕೊಂಡಿರುವ ಉತ್ತರ.

ನಮ್ಮ ದೇಶದಲ್ಲಿ ಇದಕ್ಕೆ ಶಾಸ್ತ್ರದ ಮುದ್ರೆಯೂ ಇದೆ. ಸೇವೆ ಮಾಡುವ ಶೂದ್ರನಿಗೆ ಉಂಡು ಮಿಕ್ಕ ಅನ್ನ, ಹಳೆಯ ಬಟ್ಟೆ, ಜೊಳ್ಳು ಕಾಳು, ಹಳೆಯ ಸಾಮಾನು ಕೊಡಬೇಕೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸುತ್ತದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಶೂದ್ರ ಶಕ್ತನಾದರೂ ಸಂಪತ್ತು ಕೂಡಿಡಬಾರದು ಎಂದಿದೆ. ಎರಡನ್ನೂ ಒಟ್ಟಿಗೆ ಓದಬೇಕು. ಮಿಕ್ಕಿದ್ದನ್ನು ಕೊಡುವುದು ಕರುಣೆಯಿಂದಲ್ಲ, ಕೂಡಿಡಲು ಆಗದಂಥದ್ದನ್ನೇ ಕೊಡಬೇಕು ಎಂಬ ಲೆಕ್ಕದಿಂದ. ತಂಗಳನ್ನ ನಾಳೆಗೆ ಉಳಿಯುವುದಿಲ್ಲ.

ಊರುಗಳಲ್ಲಿ ಈ ಲೆಕ್ಕಕ್ಕೆ ಇದ್ದ ಹೆಸರು ಆಯ. ಆಯಗಾರರು ಹನ್ನೆರಡು ಮಂದಿ ಎಂದು ವಾಡಿಕೆ. ಸೀಮೆಯಿಂದ ಸೀಮೆಗೆ ಪಟ್ಟಿ ಬದಲಾಗುತ್ತದೆ. ಗೌಡ, ಶಾನುಭೋಗರಿಂದ ಹಿಡಿದು ಬಡಗಿ, ಕಮ್ಮಾರ, ಅಗಸ, ತಳವಾರ, ತೋಟಿ, ನೀರುಗಂಟಿಯವರೆಗೆ ಎಲ್ಲರೂ ಅದರಲ್ಲಿದ್ದಾರೆ. ಇದನ್ನು ನೋಡಿಯೇ ನಮ್ಮ ಚರಿತ್ರಕಾರರು ಪರಸ್ಪರಾವಲಂಬನೆ, ಸಾಮರಸ್ಯ ಎಂದೆಲ್ಲ ಬರೆದದ್ದು. ಅವರಿಗಿಂತ ಮೊದಲೇ ಚಾರ್ಲ್ಸ್ ಮೆಟ್‌ಕಾಫ್ ಹಿಂದೂಸ್ಥಾನದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಹೊಗಳಿದ್ದ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಮೆಟ್‌ಕಾಫನ ಹೆಸರು ಹಿಡಿದೇ ಈ ಹೊಗಳಿಕೆಯನ್ನು ಒಡೆದುಹಾಕಿದರು.

ಪಟ್ಟಿ ಒಂದೇ ಆದರೂ ಅದರೊಳಗೆ ಮೇಲು ಕೀಳಿತ್ತು. ಶಾನುಭೋಗನೂ ಆಯಗಾರನೇ, ಆದರೆ ಲೆಕ್ಕದ ಪುಸ್ತಕ ಅವನ ಕೈಯಲ್ಲಿತ್ತು. ತೋಟಿಯ ಕೈಯಲ್ಲಿ ಕೋಲು, ತಮಟೆ. ಸರ್ಕಾರಿ ಕಾಗದ ಒಯ್ಯಬೇಕು, ಡಂಗುರ ಸಾರಬೇಕು, ಕಂದಾಯಕ್ಕೆ ರೈತರನ್ನು ಕರೆಯಬೇಕು, ಬಂದ ಅಧಿಕಾರಿಯ ಗಂಟು ಹೊರಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು. ಇದಕ್ಕೆ ಗಂಟೆಯಿಲ್ಲ, ರಜೆಯಿಲ್ಲ. ಪ್ರತಿಫಲ ಒಂದಿಷ್ಟು ಇನಾಮು ಭೂಮಿ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ಕಾದು ನಿಂತರೆ ರೈತ ಹಾಕಿದಷ್ಟು ಕಾಳು. ತೋಟಿಕೆ ಮಾಡಿದ್ದ ನಮ್ಮ ತಾತ ಇದನ್ನು ಒಂದೇ ಮಾತಿನಲ್ಲಿ ಹೇಳೋರು: 'ಮೊರ ನಮ್ದು, ಕೊಳಗ ಅವರ್ದು.' ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ ಅನ್ನೋದೇ ಇಲ್ಲಿ ಎಲ್ಲ. ವರ್ಷವಿಡೀ ದುಡಿದವನು ಕಣದಲ್ಲಿ 'ಬುದ್ದೀ, ಇನ್ನೊಂದ್ ಕೈ ಹಾಕಿ' ಅಂತ ಬೇಡುವವನಾಗುತ್ತಾನೆ. ಹಕ್ಕು ಕಣಕ್ಕೆ ಬರುವ ಹೊತ್ತಿಗೆ ಭಿಕ್ಷೆಯಾಗಿರುತ್ತದೆ. ಮರಾಠಿಯ ದಯಾ ಪವಾರ್ 1978ರಲ್ಲಿ ಬಂದ ತಮ್ಮ ಆತ್ಮಕಥೆಗೆ 'ಬಲುತ' ಎಂದೇ ಹೆಸರಿಟ್ಟರು. ನಮ್ಮ ಆಯವೇ ಅವರ ಬಲುತ. ಬದುಕಿಗೇ ಆ ಹೆಸರು ಇಡಬೇಕಾಯಿತು ಎಂದರೆ ಅದು ಬರೀ ಕಾಳಿನ ಲೆಕ್ಕವಾಗಿರಲಿಲ್ಲ ಎಂದಾಯಿತು.

ಈ ಪದ್ಧತಿಗೆ ಕಾನೂನಿನ ಒಳಗೇ ಪೆಟ್ಟು ಕೊಡಲು ಹೊರಟವರು ಅಂಬೇಡ್ಕರ್. 1927ರ ಮಾರ್ಚ್‌ನಲ್ಲಿ ಮಹಾಡದಲ್ಲಿ ಅವರು ತಮ್ಮ ಜನಕ್ಕೆ ಎಂಜಲು ತಿನ್ನಬೇಡಿ, ಸತ್ತ ದನದ ಮಾಂಸ ಬಿಡಿ ಎಂದು ಕರೆಕೊಟ್ಟರು. ಕೆರೆಯ ನೀರು ಮುಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಕೂಲಿಯ ಬದಲು ಬರುತ್ತಿದ್ದ ಎಂಜಲನ್ನು ನಿರಾಕರಿಸಿದ್ದೂ ಅಷ್ಟೇ ದೊಡ್ಡ ಸಂಗತಿ. ಮರುವರ್ಷ, 1928ರ ಮಾರ್ಚ್‌ನಲ್ಲಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿಯ ಮಸೂದೆ ಮಂಡಿಸಿದರು. ಆಗ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಹೀಗಾಗಿ ಇದು ನಮ್ಮ ಕೇರಿಗಳ ಚರಿತ್ರೆಯೂ ಹೌದು.

ಮಸೂದೆಯಲ್ಲಿ ಕೇಳಿದ್ದೇನು? ವತನದ ಚಾಕರಿ ಬೇಡವೆಂದವರು ಭೂಮಿಗೆ ಪೂರ್ಣ ಕಂದಾಯ ಕಟ್ಟಿ ಬಿಡುಗಡೆ ಪಡೆಯುವಂತಿರಬೇಕು. ಚಾಕರಿ ಏನೇನು ಎಂಬುದು ಗೊತ್ತಾಗಿರಬೇಕು. ಬಲುತವನ್ನು ನಗದಾಗಿ ಪರಿವರ್ತಿಸಿ, ಕಂದಾಯದ ಜೊತೆಗೆ ಸರ್ಕಾರವೇ ವಸೂಲಿ ಮಾಡಿ, ಮಹಾರರಿಗೆ ಸಂಬಳವಾಗಿ ಕೊಡಬೇಕು. ಅವರ ವಾದ ಸರಳವಾಗಿತ್ತು: ದುಡಿಸಿಕೊಳ್ಳುವುದು ಸರ್ಕಾರ, ಕೊಡುವುದು ರೈತನ ಮರ್ಜಿ. ಮಹಾರರು ಕೊಂಚ ತಲೆಯೆತ್ತಿದರೆ ಸಾಕು, ಬಲುತ ನಿಂತುಹೋಗುತ್ತದೆ. ಅಂದರೆ ಬಲುತ ಅನ್ನೋದು ಕೂಲಿಯೂ ಹೌದು, ಲಗಾಮೂ ಹೌದು. ಪರಿಷತ್ತಿನಲ್ಲಿ ಮಸೂದೆ ಉಳಿಯಲಿಲ್ಲ. 1929ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ ವಂಶಪಾರಂಪರ್ಯ ಹುದ್ದೆಗಳು ಕಾನೂನಿನಲ್ಲಿ ರದ್ದಾಗಲು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬರಬೇಕಾಯಿತು. ಅದು ಜಾರಿಗೆ ಬಂದದ್ದು 1963ರಲ್ಲಿ.

ಇದು ಜಾತಿಯ ನಾಡಿನ ವಿಚಿತ್ರ ಮಾತ್ರವೇ? ಅಲ್ಲ. ಟಿಪ್ಸಿಗೆ ಹೆಸರಾದ ಅಮೆರಿಕದಲ್ಲೂ ಇದೇ ಕತೆ. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, 1867ರಲ್ಲಿ ಜಾರ್ಜ್ ಪುಲ್‌ಮನ್ ಮಲಗುವ ರೈಲುಬೋಗಿಗಳ ಕಂಪನಿ ಕಟ್ಟಿದ. ಹಾಸಿಗೆ ಹಾಸಲು, ಬೂಟು ಉಜ್ಜಲು ಕರಿಯರನ್ನು, ಮೊದಮೊದಲು ಗುಲಾಮರಾಗಿದ್ದವರನ್ನೇ ನೇಮಿಸಿಕೊಂಡ. ಪ್ರಯಾಣಿಕರು ಅವರೆಲ್ಲರನ್ನೂ 'ಜಾರ್ಜ್' ಎಂದೇ ಕೂಗುತ್ತಿದ್ದರು. ಗುಲಾಮನಿಗೆ ಒಡೆಯನ ಹೆಸರು! ನಮ್ಮಲ್ಲಿ 'ಏಯ್, ಬಾರ್ಲಾ' ಅಂದ ಹಾಗೆ. 1915ರಲ್ಲಿ ಸರ್ಕಾರದ ಆಯೋಗವೊಂದು ವಿಚಾರಣೆ ನಡೆಸಿದಾಗ ಪೋರ್ಟರನ ಆರಂಭದ ಸಂಬಳ ತಿಂಗಳಿಗೆ 27.50 ಡಾಲರ್ ಎಂಬುದು ಬಯಲಾಯಿತು. ಉಳಿದದ್ದನ್ನು ಪ್ರಯಾಣಿಕರ ಕೈಯಿಂದ ನಗುನಗುತ್ತಾ ಸಂಪಾದಿಸಿಕೊಳ್ಳಬೇಕು. ಕಂಪನಿಯ ಪರವಾಗಿ ಆಯೋಗದ ಮುಂದೆ ಬಂದವನು ರಾಬರ್ಟ್ ಟಾಡ್ ಲಿಂಕನ್, ಗುಲಾಮರನ್ನು ಬಿಡುಗಡೆ ಮಾಡಿದ ಅಬ್ರಹಾಂ ಲಿಂಕನ್ನನ ಮಗ. ಅಪ್ಪ ಸಂಕೋಲೆ ಕಡಿದ, ಮಗ ಚಿಲ್ಲರೆ ಎಸೆಯುವ ಕಂಪನಿಯ ಯಜಮಾನನಾದ.

ಆ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನಾಯಕತ್ವದಲ್ಲಿ ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಪುಲ್‌ಮನ್ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಆದರೆ ಪದ್ಧತಿ ಸಾಯಲಿಲ್ಲ. ಟಿಪ್ಸು ಪಡೆಯುವವರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಅಮೆರಿಕದ ಕೇಂದ್ರ ಕಾನೂನಿನಲ್ಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ಉಳಿದದ್ದು ಗಿರಾಕಿಯ ಕೊಳಗಕ್ಕೆ ಬಿಟ್ಟದ್ದು.

ನಮಗೂ ಅವರಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಊಟ ಬಡಿಸುವ ಕೆಲಸಕ್ಕೆ ಕರಿಯನನ್ನು ಹಚ್ಚಿದರು. ಇಲ್ಲಿ ನಮ್ಮ ಕೈಯ ನೀರೇ ಆಗುವುದಿಲ್ಲವಲ್ಲ! ಬ್ರಾಹ್ಮಣರ ಕಾಫಿ ಹೋಟೆಲು ಎಂದು ಬೋರ್ಡು ಬರೆಸಿಕೊಂಡ ಕಾಲದಲ್ಲಿ ದಲಿತನಿಗೆ ಟಿಪ್ಸು ಪಡೆಯುವ ಅರ್ಹತೆಯೂ ಇರಲಿಲ್ಲ. ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಉಳಿಯುವ ಚಿಲ್ಲರೆ ಇವತ್ತಿಗೂ ಸಪ್ಲೈಯರನದು. ಎಂಜಲೆಲೆ ಎತ್ತುವವನ, ಕಕ್ಕಸು ತೊಳೆಯುವವಳ ಮುಖವನ್ನು ಗಿರಾಕಿ ನೋಡುವುದಿಲ್ಲ. ಅವರಿಗೆ ಹಬ್ಬದ ದಿನ ಮಾತ್ರ ಇನಾಮು, ಹಳೆ ಸೀರೆ, ಮಿಕ್ಕ ಅಡುಗೆ. ಮನುವಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಈ ಕರುಣೆಯ ಇನ್ನೊಂದು ಮುಖ ಮುಷ್ಕರದ ಭಯ. ಜಾಡಮಾಲಿಗಳು ಮುಷ್ಕರ ಹೂಡಬಾರದೆಂದು ಗಾಂಧೀಜಿ 1946ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. ಅವರ ಸ್ಥಿತಿ ಸುಧಾರಿಸಬೇಕೆಂಬ ಕಾಳಜಿ ಗಾಂಧೀಜಿಗೆ ಇರಲಿಲ್ಲವೆಂದಲ್ಲ. ಆದರೆ ಕೊಡುವವರ ಹೃದಯ ಬದಲಾಗುವ ತನಕ ಪಡೆಯುವವರು ಕಾಯಬೇಕು ಎಂಬ ದಾರಿ ಮತ್ತೆ ಕಣದ ಅಂಚಿಗೇ ತಂದು ನಿಲ್ಲಿಸುತ್ತದೆ. 2022ರ ಜುಲೈಯಲ್ಲಿ ಬೆಂಗಳೂರಿನ ಪೌರಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು, ಪೊರಕೆ ಕೆಳಗಿಟ್ಟು ಖಾಯಂ ನೌಕರಿ ಕೇಳಿದರು. ಅವರು ಇನಾಮು ಕೇಳಲಿಲ್ಲ. 1928ರ ಮಸೂದೆ ಕೇಳಿದ್ದನ್ನೇ ಕೇಳಿದರು: ಗೊತ್ತಾದ ಕೆಲಸ, ಗೊತ್ತಾದ ಸಂಬಳ, ಕೊಡಬೇಕಾದವರು ಯಾರೆಂಬುದು ಕಾಗದದಲ್ಲಿ.

ಹಾಗಾದರೆ ಹತ್ತು ರೂಪಾಯಿ ಕೊಡೋದನ್ನ ನಿಲ್ಲಿಸಬೇಕೇ ಎಂದು ಗೆಳೆಯರು ಕೇಳುತ್ತಾರೆ. ಕೊಡಿ; ಆ ಹತ್ತು ರೂಪಾಯಿಯಿಂದ ಒಂದು ಮಗುವಿಗೆ ಹಾಲು ಬರುತ್ತದೆ. ಆದರೆ ಕೊಟ್ಟು ಸುಮ್ಮನಾಗಬೇಡಿ. ಇವನಿಗೆ ಸಂಬಳ ಎಷ್ಟು ಕೊಡ್ತೀರಿ ಎಂದು ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಿ. ಕೊಳಗ ಎಲ್ಲಿದೆಯೋ ಪ್ರಶ್ನೆ ಅಲ್ಲಿಗೆ ಹೋಗಬೇಕು.