ಹಸಿ ಕಾಂಕ್ರೀಟಿನ ಹರಿವು: ಶಂಕುವಿನಿಂದ ಕಂಪ್ಯೂಟರಿಗೆ

ತಾರಸಿಗೆ ಕಾಂಕ್ರೀಟ್ ಹಾಕುವುದನ್ನು ನೀವು ನೋಡಿರಬಹುದು. ಬಾಂಡಲಿಯಲ್ಲಿ ಗುಡ್ಡೆಯಾಗಿ ನಿಂತಿದ್ದ ಮಿಶ್ರಣ ವೈಬ್ರೇಟರ್ ತಗುಲಿದೊಡನೆ ಹರಡಿಕೊಳ್ಳುತ್ತದೆ. ಹಾಗಾದರೆ ಅದು ಘನವೋ, ದ್ರವವೋ? ಇದು ತೀರ್ಮಾನವಾಗದೆ ಅದರ ಹರಿವನ್ನು ಲೆಕ್ಕ ಹಾಕುವಂತಿರಲಿಲ್ಲ.

1920ರ ದಶಕದಿಂದ ಬಳಕೆಗೆ ಬಂದ ಸ್ಲಂಪ್ ಪರೀಕ್ಷೆ ಸರಳವಾದುದು. 30 ಸೆಂ.ಮೀ. ಎತ್ತರದ ಶಂಕುವಿನಾಕಾರದ ಅಚ್ಚಿಗೆ ಕಾಂಕ್ರೀಟ್ ತುಂಬಿ, ಅಚ್ಚನ್ನು ಮೇಲೆತ್ತಿ, ಗುಡ್ಡೆ ಎಷ್ಟು ಕುಸಿಯಿತೆಂದು ಅಳೆದರಾಯಿತು. ಆದರೆ ಸಮನಾಗಿ ಕುಸಿದ ಎರಡು ಮಿಶ್ರಣಗಳು ಕೆಲಸದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತಿದ್ದವು. ಏಕೆ?

ಉತ್ತರದ ಬೀಜ ಹಿಂದೆಯೇ ಬಿದ್ದಿತ್ತು. 1916ರಲ್ಲಿ ಅಮೆರಿಕದ ಯೂಜೀನ್ ಬಿಂಗ್‌ಹ್ಯಾಮ್ ಜೇಡಿಮಣ್ಣಿನ ಬಗ್ಗಡದ ಹರಿವನ್ನು ಅಧ್ಯಯನ ಮಾಡಿ, ಇಂಥ ವಸ್ತುಗಳು ಒಂದು ಕನಿಷ್ಠ ಪೀಡನ ಮೀರಿದ ಮೇಲಷ್ಟೇ ಹರಿಯುತ್ತವೆ ಎಂದು ತೋರಿಸಿದ್ದರು. 1970ರ ದಶಕದಲ್ಲಿ ಇಂಗ್ಲೆಂಡಿನ ಟ್ಯಾಟರ್‌ಸಾಲ್ ಕಾಂಕ್ರೀಟನ್ನು ಬೇರೆ ಬೇರೆ ವೇಗಗಳಲ್ಲಿ ಕಲಕಿ, ಅದಕ್ಕೆ ಬೇಕಾದ ಬಲವನ್ನು ಅಳೆದರು. ಹಸಿ ಕಾಂಕ್ರೀಟನ್ನು ವರ್ಣಿಸಲು ಒಂದಲ್ಲ, ಎರಡು ಸಂಖ್ಯೆಗಳು ಬೇಕು: ಹರಿವು ಆರಂಭಿಸುವ ಕನಿಷ್ಠ ಪೀಡನ ಮತ್ತು ಹರಿಯುವಾಗಿನ ಸ್ನಿಗ್ಧತೆ. ಸ್ಲಂಪ್ ಮುಖ್ಯವಾಗಿ ಮೊದಲನೆಯದನ್ನಷ್ಟೇ ಸೂಚಿಸುತ್ತದೆ.

ಲೆಕ್ಕದ ಅಗತ್ಯವನ್ನು ತೀವ್ರಗೊಳಿಸಿದ್ದು ಜಪಾನ್. ಅಲ್ಲಿ ಕುಶಲ ಕೆಲಸಗಾರರು ಕಡಿಮೆಯಾಗಿ, ಸರಿಯಾಗಿ ದಮ್ಮಸ್ಸಾಗದ ಕಾಂಕ್ರೀಟಿನ ಬಾಳಿಕೆ ಚಿಂತೆಗೆ ಕಾರಣವಾಗಿತ್ತು. 1986ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಒಕಮುರಾ ತಾನಾಗಿಯೇ ಹರಿದು ತುಂಬುವ ಕಾಂಕ್ರೀಟನ್ನು ಸೂಚಿಸಿದರು. 1988ರಲ್ಲಿ ಅದರ ಮಾದರಿ ಸಿದ್ಧವಾಯಿತು. ಆದರೆ ಮುಚ್ಚಿದ ಅಚ್ಚಿನೊಳಗೆ, ಒತ್ತಾದ ಕಂಬಿಗಳ ನಡುವೆ ಜಲ್ಲಿ ಸಿಕ್ಕಿಕೊಂಡರೆ ಕಾಣುವುದು ಹೇಗೆ? ಮೊದಲೇ ಲೆಕ್ಕ ಹಾಕಬೇಕು.

ಕಂಪ್ಯೂಟರಿಗೆ ಎರಡು ಮುಖ್ಯ ದಾರಿಗಳಿವೆ. ಇಡೀ ಕಾಂಕ್ರೀಟನ್ನು ಒಂದೇ ದ್ರವವೆಂದು ಎಣಿಸಿ ಬಿಂಗ್‌ಹ್ಯಾಮ್ ಸಮೀಕರಣ ಬಿಡಿಸುವುದು ಒಂದು. ಇಲ್ಲೊಂದು ತೊಡಕು: ಹರಿಯದೆ ನಿಂತ ಭಾಗದ ಸ್ನಿಗ್ಧತೆ ಲೆಕ್ಕದಲ್ಲಿ ಅನಂತವಾಗುತ್ತದೆ. ಆದ್ದರಿಂದ ಆ ಭಾಗವನ್ನು ಅತಿ ಮಂದ ದ್ರವವೆಂದು ಭಾವಿಸುವುದುಂಟು. ಆದರೆ ಈ ದಾರಿಯಲ್ಲಿ ಬಿಡಿ ಕಲ್ಲುಗಳು ಕಾಣುವುದಿಲ್ಲ. ಎರಡನೆಯದು ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವುದು. 1979ರಲ್ಲಿ ಕುಂಡಾಲ್ ಮತ್ತು ಸ್ಟ್ರ್ಯಾಕ್ ಹರಳುಗಳ ರಾಶಿಗಾಗಿ ಪ್ರಕಟಿಸಿದ ವಿಧಾನ ಇದಕ್ಕೆ ಆಧಾರ. ಜಲ್ಲಿ ಸಿಕ್ಕಿಕೊಳ್ಳುವುದನ್ನು ಇದು ತೋರಿಸಬಲ್ಲದು. ಆದರೆ ಲೆಕ್ಕ ಬೆಟ್ಟದಷ್ಟು.

ಒಂದನ್ನು ಗಮನಿಸಿ. ಹಸಿ ಕಾಂಕ್ರೀಟ್ ಸುಮ್ಮನೆ ನಿಂತರೂ ಕ್ರಮೇಣ ಬಿಗಿಯಾಗುತ್ತದೆ. ಬೆಳಿಗ್ಗೆ ಅಳೆದ ಸಂಖ್ಯೆ ಮಧ್ಯಾಹ್ನಕ್ಕೆ ಸಲ್ಲದು. ತಪ್ಪು ಸಂಖ್ಯೆ ಕೊಟ್ಟರೆ ಕಂಪ್ಯೂಟರ್ ತಪ್ಪನ್ನೇ ಅಂದವಾಗಿ ಚಿತ್ರಿಸುತ್ತದೆ. ಆದ್ದರಿಂದಲೇ ಹೊಸ ಲೆಕ್ಕವಿಧಾನಗಳನ್ನು ಹಲವು ಬಾರಿ ಹಳೆಯ ಶಂಕುವಿನ ಕುಸಿತದೊಡನೆಯೇ ತಾಳೆ ನೋಡಲಾಗುತ್ತದೆ.